ಉದ್ದದವನನ್ನು ಎಲ್ಲಿ ನಿಲ್ಲಿಸೋದು?

ಬೆಳಗ್ಗೆ ಬೇಗ ಎದ್ದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ನೋಡುವ ಬೆಂಗಳೂರಿನವರಲ್ಲಿ ಎರಡು ಪಂಗಡ ಇದೆ. ಒಂದು ಪಂಗಡಕ್ಕೆ ಬ್ಯಾಸ್ಕೆಟ್‌ಬಾಲ್ ಅಂದರೆ ದೂರದಿಂದ ಹೊಡೆಯುವ ಸ್ಟೀಫನ್ ಕರಿ. ಇನ್ನೊಂದು, ತೊಂಬತ್ತರ ದಶಕದಲ್ಲಿ ಕೇಬಲ್ ಟಿವಿ ನೋಡಿ ಹುಚ್ಚು ಹತ್ತಿಸಿಕೊಂಡ ನಮ್ಮಂಥ ನಡುವಯಸ್ಸಿನವರದು. ನಮಗೆ ಆಟ ಅಂದರೆ ರಿಂಗ್ ಕೆಳಗಿನ ಗುದ್ದಾಟ. ಒಲಾಜುವಾನ್, ಯೂಯಿಂಗ್, ಡೇವಿಡ್ ರಾಬಿನ್ಸನ್, ಆಮೇಲೆ ಶಾಕ್ (ಶಕೀಲ್ ಓ'ನೀಲ್). ಎಲ್ಲರೂ ಸೆಂಟರ್‌ಗಳು, ಅಂದರೆ ರಿಂಗ್ ಹತ್ತಿರ ಆಡುವ ಉದ್ದದವರು. ನಮ್ಮ ಪಂಗಡದ ಗೊಣಗಾಟ ಯಾವಾಗಲೂ ಒಂದೇ: "ಈಗ ಸೆಂಟರ್ ಅನ್ನೋನೇ ಇಲ್ಲ ಗುರು. ಏಳಡಿ ಇರೋನೂ ಡಿ ಹೊರಗೆ ನಿಂತು ಹೊಡೀತಾನೆ." ಡಿ ಅಂದರೆ ರಿಂಗ್ ಸುತ್ತ ಇರುವ ತ್ರೀ-ಪಾಯಿಂಟ್ ಗೆರೆ. ಅದರ ಹೊರಗಿಂದ ಹಾಕಿದರೆ ಎರಡರ ಬದಲು ಮೂರು ಪಾಯಿಂಟ್.

ಹೀಗೆ ಗೊಣಗುವವರೇ ಡೆನ್ವರ್ ತಂಡದ ಸೆಂಟರ್ ಯೋಕಿಚ್ ಆಟ ಬಂದರೆ ಆಫೀಸಿಗೆ ಲೇಟಾದರೂ ಎದ್ದು ಹೋಗಲ್ಲ. 2021ರಿಂದ 2024ರವರೆಗೆ ಎಂವಿಪಿ (ವರ್ಷದ ಶ್ರೇಷ್ಠ ಆಟಗಾರ) ಪ್ರಶಸ್ತಿ ಪ್ರತಿ ವರ್ಷ ಸೆಂಟರ್‌ಗೇ ಹೋಯಿತು. ಮೂರು ಸಲ ನಿಕೋಲಾ ಯೋಕಿಚ್, ನಡುವೆ 2023ರಲ್ಲಿ ಜೋಯೆಲ್ ಎಂಬೀಡ್. ಅವರಿಗೆ ಮುಂಚೆ ಅದನ್ನು ಪಡೆದ ಸೆಂಟರ್ ಯಾರು ಅಂತ ಹುಡುಕಿದರೆ 2000ದ ಶಕೀಲ್ ಓ'ನೀಲ್‌ವರೆಗೆ ಹೋಗಬೇಕು. ಡಂಕನ್, ಗಾರ್ನೆಟ್, ನೊವಿಟ್ಸ್ಕಿ ನಡುವೆ ಗೆದ್ದರು ನಿಜ. ಆದರೆ ದಾಖಲೆಯಲ್ಲಿ ಅವರೆಲ್ಲ ಫಾರ್ವರ್ಡ್‌ಗಳು.

ಇದನ್ನು ನೋಡಿ ಜನ "ಸೆಂಟರ್ ಸತ್ತ, ಮತ್ತೆ ಹುಟ್ಟಿ ಬಂದ" ಅಂತ ಕಥೆ ಕಟ್ಟುತ್ತಾರೆ. ನನಗೆ ಈ ಕಥೆ ಒಪ್ಪಿಗೆಯಿಲ್ಲ. ಶುರುವಿನಿಂದಲೂ ಉದ್ದದವನ ಕೆಲಸ ಏನು ಅಂತ ನಿರ್ಧಾರ ಮಾಡಿದ್ದು ಅವನ ಎತ್ತರ ಅಲ್ಲ. ನೆಲದ ಮೇಲೆ ಎಳೆದ ಗೆರೆಗಳು ಮತ್ತು ನಿಯಮ ಬರೆಯುವವರು.

ಜಾರ್ಜ್ ಮೈಕನ್‌ನಿಂದ ನೋಡೋಣ. ಆರಡಿ ಹತ್ತಿಂಚು, ದಪ್ಪ ಕನ್ನಡಕ, ಮಿನಿಯಾಪೊಲಿಸ್ ಲೇಕರ್ಸ್ ತಂಡ. ಇವನ ಕೈಗೆ ಚೆಂಡು ಸಿಕ್ಕರೆ ಮುಗೀತು ಅಂತ ಫೋರ್ಟ್ ವೇಯ್ನ್ ತಂಡ 1950ರ ನವೆಂಬರ್‌ನಲ್ಲಿ ಒಂದು ಉಪಾಯ ಮಾಡಿತು. ಚೆಂಡು ಹಿಡಿದುಕೊಂಡು ಸುಮ್ನೆ ನಿಂತುಬಿಟ್ಟಿತು. ಮ್ಯಾಚ್ ಮುಗಿದಾಗ ಸ್ಕೋರ್ 19-18! ಇಂಥ ಆಟವನ್ನು ದುಡ್ಡು ಕೊಟ್ಟು ಯಾರು ನೋಡ್ತಾರೆ? 1954ರಲ್ಲಿ 24 ಸೆಕೆಂಡಿನ ಗಡಿಯಾರ (ಅಷ್ಟರೊಳಗೆ ಶಾಟ್ ಹೊಡೆಯಲೇಬೇಕು) ಬಂದದ್ದರ ಹಿಂದೆ ಇಂಥ ಆಟಗಳಿವೆ. ಅದಕ್ಕೂ ಮುಂಚೆ, 1951ರಲ್ಲೇ, ರಿಂಗ್ ಮುಂದೆ ಗೆರೆ ಎಳೆದು ಗುರುತಿಸಿದ ಜಾಗ, ಅಂದರೆ ಲೇನ್, ಆರಡಿಯಿಂದ ಹನ್ನೆರಡು ಅಡಿಗೆ ಅಗಲವಾಗಿತ್ತು. ಲೇನ್ ಒಳಗೆ ದಾಳಿ ಮಾಡುವವನು ಮೂರು ಸೆಕೆಂಡಿಗಿಂತ ಜಾಸ್ತಿ ನಿಲ್ಲುವಂತಿಲ್ಲ. ಹಾಗಾಗಿ ಲೇನ್ ಅಗಲ ಮಾಡಿದರೆ ಮೈಕನ್ ರಿಂಗ್‌ನಿಂದ ದೂರ ನಿಲ್ಲಲೇಬೇಕು.

ಆಮೇಲೆ ವಿಲ್ಟ್ ಚೇಂಬರ್ಲಿನ್ ಬಂದ. 1961-62ರ ಇಡೀ ಸೀಸನ್‌ನಲ್ಲಿ ಸರಾಸರಿ 50.4 ಪಾಯಿಂಟ್, ಮಾರ್ಚ್ 2, 1962ರಂದು ಹರ್ಷಿ ಎಂಬ ಊರಿನಲ್ಲಿ ಒಂದೇ ಮ್ಯಾಚ್‌ನಲ್ಲಿ 100. 1964ರಲ್ಲಿ ಲೇನ್ ಹದಿನಾರು ಅಡಿಯಾಯಿತು. ಕರೀಂ ಅಬ್ದುಲ್ ಜಬ್ಬಾರ್ ಇನ್ನೂ ಲೂ ಆಲ್ಸಿಂಡರ್ ಅನ್ನುವ ಹೆಸರಿನಲ್ಲಿ ಕಾಲೇಜು ಆಡುತ್ತಿದ್ದಾಗ, 1967ರಲ್ಲಿ, ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಡಂಕ್ ಮಾಡುವುದನ್ನೇ, ಅಂದರೆ ಜಿಗಿದು ಮೇಲಿಂದ ಚೆಂಡನ್ನು ರಿಂಗ್ ಒಳಗೆ ತುರುಕುವುದನ್ನೇ, ನಿಷೇಧಿಸಿತು. ಅದು ವಾಪಸ್ ಬಂದದ್ದು 1976ರಲ್ಲಿ. ಡಂಕ್ ಇಲ್ಲದ ಆ ವರ್ಷಗಳಲ್ಲಿ ಅವನು ಒಂದೇ ಕೈಯಿಂದ ತಲೆ ಮೇಲಿಂದ ಹೊಡೆಯುವ ಸ್ಕೈಹುಕ್ ಶಾಟ್ ತಿದ್ದಿಕೊಂಡ. ಎನ್‌ಬಿಎಯಲ್ಲಿ 38,387 ಪಾಯಿಂಟ್ ಮಾಡಿದ. 2023ರವರೆಗೆ, ಲೆಬ್ರಾನ್ ಜೇಮ್ಸ್ ದಾಟುವವರೆಗೆ, ಅದು ದಾಖಲೆಯಾಗಿ ಉಳಿಯಿತು. ಅಷ್ಟೊಂದು ಪಾಯಿಂಟ್‌ಗಳಲ್ಲಿ ತ್ರೀ-ಪಾಯಿಂಟರ್ ಎಷ್ಟು ಗೊತ್ತಾ? ಒಂದು.

ಬಿಲ್ ರಸೆಲ್‌ನನ್ನು ಬಿಟ್ಟು ಮುಂದೆ ಹೋದರೆ ತಪ್ಪಾಗುತ್ತದೆ. 13 ಸೀಸನ್, 11 ಚಾಂಪಿಯನ್‌ಶಿಪ್. ಅವನು ಗೆಲ್ಲಿಸಿದ್ದು ಪಾಯಿಂಟ್ ಹೊಡೆದಲ್ಲ, ಎದುರಾಳಿಗೆ ಪಾಯಿಂಟ್ ಸಿಗದಂತೆ ಮಾಡಿ. ಸೆಂಟರ್ ಅಂದರೆ ಬೆನ್ನು ತಿರುಗಿಸಿ ನಿಂತು ಚೆಂಡು ಕೇಳುವವನು ಅಂತ ನಾವು ಅಂದುಕೊಂಡಿದ್ದೇವಲ್ಲ, ಆ ಚಿತ್ರ ಆಗಲೂ ಪೂರ್ತಿ ನಿಜವಾಗಿರಲಿಲ್ಲ.

ಇನ್ನು ನನ್ನ ಕಾಲಕ್ಕೆ ಬರ್ತೀನಿ.

ತೊಂಬತ್ತರ ದಶಕದ ಆಟ ಹಾಗಿರಲು ಕಾರಣವಾದ ಒಂದು ನಿಯಮದ ಬಗ್ಗೆ ಟಿವಿ ನೋಡುತ್ತಿದ್ದ ನಮಗೆ ಯಾರೂ ಹೇಳಲಿಲ್ಲ. ಅದರ ಹೆಸರು ಇಲ್ಲೀಗಲ್ ಡಿಫೆನ್ಸ್. ಎನ್‌ಬಿಎಯಲ್ಲಿ ಝೋನ್, ಅಂದರೆ ಆಟಗಾರನ ಬದಲು ಜಾಗವನ್ನು ಕಾಯುವ ಡಿಫೆನ್ಸ್, ಆಡುವಂತಿರಲಿಲ್ಲ. ಪ್ರತಿ ಡಿಫೆಂಡರ್ ಒಬ್ಬ ಆಟಗಾರನ ಜೊತೆಗೇ ಇರಬೇಕು. ನನ್ನ ಆಟಗಾರ ದೂರದ ಮೂಲೆಯಲ್ಲಿ ಸುಮ್ನೆ ನಿಂತಿದ್ದರೂ ನಾನು ಅವನನ್ನು ಬಿಟ್ಟು ಬಂದು ರಿಂಗ್ ಹತ್ತಿರ ಕಾಯುವ ಹಾಗಿಲ್ಲ. ಸಹಾಯಕ್ಕೆ ಬರೋದಿದ್ದರೆ ನೇರವಾಗಿ ಚೆಂಡು ಇರುವವನ ಮೇಲೇ ಬರಬೇಕು.

ಇದರ ಪರಿಣಾಮ ಏನು? ಶಾಕ್‌ನನ್ನು ಒಂದು ಬದಿಗೆ ನಿಲ್ಲಿಸಿ, ಮಿಕ್ಕವರನ್ನು ಇನ್ನೊಂದು ಬದಿಗೆ ಕಳಿಸಿದರೆ ಮುಗೀತು. ಅಲ್ಲಿ ಅವನೂ ಅವನ ಡಿಫೆಂಡರೂ ಇಬ್ಬರೇ. ಏಳಡಿ ಒಂದಿಂಚು, ಪಟ್ಟಿಯಲ್ಲಿ 325 ಪೌಂಡ್ ಅಂತ ತೋರಿಸುತ್ತಿದ್ದ ಆಳು. ಎರಡು ಸಲ ಚೆಂಡು ನೆಲಕ್ಕೆ ಬಡಿದು, ಭುಜದಿಂದ ತಳ್ಳಿ, ತಿರುಗಿದರೆ ರಿಂಗ್ ಕೈಗೇ ಸಿಗುತ್ತದೆ. 2000ದ ಫೈನಲ್ಸ್‌ನಲ್ಲಿ ಅವನ ಸರಾಸರಿ 38 ಪಾಯಿಂಟ್. ಅವನನ್ನು ತಡೆಯುವುದಕ್ಕೆ ಎದುರಾಳಿ ತಂಡಗಳಿಗೆ ಉಳಿದ ಒಂದೇ ದಾರಿ ಬೇಕಂತಲೇ ಫೌಲ್ ಮಾಡುವುದು. ಯಾಕಂದ್ರೆ ಫ್ರೀ ಥ್ರೋ ಲೈನ್‌ನಲ್ಲಿ ಅವನದು 52.7 ಪರ್ಸೆಂಟ್.

ಅವನ ಬಲ ಅವನದೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಆ ಖಾಲಿ ಅಂಗಳವನ್ನು ಅವನಿಗೆ ಮಾಡಿಕೊಟ್ಟದ್ದು ನಿಯಮ. 2001-02ರಲ್ಲಿ ಎನ್‌ಬಿಎ ಇಲ್ಲೀಗಲ್ ಡಿಫೆನ್ಸ್ ತೆಗೆದುಹಾಕಿತು. ಡಿಫೆಂಡರ್ ಎಲ್ಲಿ ಬೇಕಾದರೂ ನಿಲ್ಲಬಹುದು. ಯಾರನ್ನೂ ಕಾಯದೆ ಲೇನ್ ಒಳಗೆ ಮೂರು ಸೆಕೆಂಡಿಗಿಂತ ಜಾಸ್ತಿ ನಿಲ್ಲಬಾರದು ಅಷ್ಟೇ. ಈಗ ಪೋಸ್ಟ್‌ನಲ್ಲಿ (ರಿಂಗ್ ಹತ್ತಿರ, ಅದಕ್ಕೆ ಬೆನ್ನು ತಿರುಗಿಸಿ) ನಿಂತ ಸೆಂಟರ್ ಮುಂದೆ ಒಬ್ಬ, ಹಿಂದೆ ಇನ್ನೊಬ್ಬ. ಚೆಂಡು ಅವನ ಕೈಗೆ ತಲುಪುವುದೇ ಕಷ್ಟವಾಯಿತು. ಮೊದಲ ವರ್ಷವೂ ಶಾಕ್ ಗೆದ್ದ ಅನ್ನೋದು ಬೇರೆ ಮಾತು. ಅವನು ಹಳೆಯ ಲೆಕ್ಕದಲ್ಲಿ ಬೆಳೆದು ಮುಗಿದಿದ್ದ. ತೊಂದರೆ ಆಗಿದ್ದು ಅವನ ಹಿಂದೆ ಬಂದವರಿಗೆ.

2004ರಲ್ಲಿ ಹೊರಗಿಂದ ಚೆಂಡು ನಡೆಸುವ ಗಾರ್ಡ್‌ಗಳನ್ನು ಕೈಯಿಂದ ತಡೆಹಿಡಿಯುವುದರ ವಿರುದ್ಧದ ನಿಯಮವನ್ನೂ ಬಿಗಿ ಮಾಡಿದರು. ಸ್ಟೀವ್ ನ್ಯಾಶ್ ಅದೇ ವರ್ಷ ಫೀನಿಕ್ಸ್‌ಗೆ ಬಂದು, ಮೈಕ್ ಡಿ'ಆಂಟನಿ ಕೈಕೆಳಗೆ ಆಟವನ್ನು ಓಟ ಮಾಡಿಬಿಟ್ಟ. ಜೊತೆಗೆ ಮೂರರ ಲೆಕ್ಕ. ನೂರಕ್ಕೆ ಮೂವತ್ತೈದು ತ್ರೀ ಬಿದ್ದರೆ 105 ಪಾಯಿಂಟ್. ಪೋಸ್ಟ್‌ನಲ್ಲಿ ನೂರಕ್ಕೆ ಐವತ್ತು ಹೊಡೆದರೂ 100. ತ್ರೀ-ಪಾಯಿಂಟ್ ಗೆರೆ ಎನ್‌ಬಿಎಗೆ ಬಂದದ್ದು 1979ರಲ್ಲಿ. ಇಷ್ಟು ಸಣ್ಣ ಲೆಕ್ಕ ತಂಡಗಳ ತಲೆಗೆ ಪೂರ್ತಿ ಹತ್ತಲು ಮೂರು ದಶಕ ಹಿಡಿಯಿತು ಅನ್ನೋದು ನನಗೆ ಈಗಲೂ ಸೋಜಿಗ.

2012ರಲ್ಲಿ ಆಲ್-ಸ್ಟಾರ್ ಮತಪತ್ರದಿಂದ ಸೆಂಟರ್ ಅನ್ನುವ ಸ್ಥಾನವನ್ನೇ ತೆಗೆದರು. ಫ್ರಂಟ್‌ಕೋರ್ಟ್ ಅಂತ ಒಂದೇ ಗುಂಪು. 2015ರ ಫೈನಲ್ಸ್‌ನಲ್ಲಿ 2-1ರಿಂದ ಹಿಂದೆ ಬಿದ್ದಿದ್ದ ಗೋಲ್ಡನ್ ಸ್ಟೇಟ್, ನಾಲ್ಕನೇ ಮ್ಯಾಚ್‌ಗೆ ತನ್ನ ಸೆಂಟರ್ ಆಂಡ್ರ್ಯೂ ಬೋಗಟ್‌ನನ್ನು ಬೆಂಚಿಗೆ ಕೂರಿಸಿ ಇಗುಡಾಲನನ್ನು ಇಳಿಸಿತು. ಆರಡಿ ಆರಿಂಚಿನ ಡ್ರೇಮಂಡ್ ಗ್ರೀನ್ ಸೆಂಟರ್ ಕೆಲಸ ಮಾಡಿದ. ಮೂರು ಮ್ಯಾಚ್ ಸತತ ಗೆದ್ದು ಕಪ್ ಎತ್ತಿದರು. 2020ರಲ್ಲಿ ಹ್ಯೂಸ್ಟನ್ ಇನ್ನೂ ಮುಂದೆ ಹೋಗಿ, ಕ್ಲಿಂಟ್ ಕಪೇಲನನ್ನು ಮಾರಿ, ಆರಡಿ ಐದಿಂಚಿನ ಪಿ.ಜೆ. ಟಕ್ಕರ್‌ನನ್ನು ಆ ಜಾಗದಲ್ಲಿ ಆಡಿಸಿತು. ಲೇಕರ್ಸ್ ಎದುರು 4-1ರಲ್ಲಿ ಮನೆಗೆ ಹೋಯಿತು. ಅತಿ ಆಯ್ತು ಅಂತ ಆಗಲೇ ಅನ್ನಿಸಿತ್ತು.

ಈ ಎಲ್ಲದರ ನಡುವೆ ನನಗೆ ತುಂಬಾ ಇಷ್ಟವಾದ ಕಥೆ ಬ್ರೂಕ್ ಲೋಪೆಜ್‌ನದು. ಮೊದಲ ಎಂಟು ಸೀಸನ್‌ನಲ್ಲಿ ಅವನು ಹೊಡೆದ ತ್ರೀ ಒಟ್ಟು ಮೂರು. ಅಪ್ಪಟ ಪೋಸ್ಟ್ ಆಟಗಾರ. ಒಂಬತ್ತನೇ ಸೀಸನ್, 2016-17ರಲ್ಲಿ, 134 ಹೊಡೆದ. ಮೂವತ್ತರ ಹತ್ತಿರ ಬಂದ ಏಳಡಿ ಆಳು ಹೊಸ ಕಸುಬು ಕಲಿತ. ಮುಂದೆ 2021ರಲ್ಲಿ ಮಿಲ್ವಾಕಿ ಜೊತೆ ಚಾಂಪಿಯನ್ ಆದ. ಸೆಂಟರ್‌ಗಳ ಕಾಲ ಮುಗೀತು ಅಂತ ಬರೆಯುತ್ತಿದ್ದವರು ಇವನನ್ನು ಯಾವ ಖಾತೆಗೆ ಹಾಕುತ್ತಾರೋ ಗೊತ್ತಿಲ್ಲ.

ಈಗ ಬೆಂಗಳೂರಿಗೆ ಬರೋಣ. ಇಲ್ಲಿಯ ಹಳೆಯ ಕ್ಲಬ್ ಕೋರ್ಟ್‌ಗಳಲ್ಲಿ ಆಡಿದವರಿಗೆ ಲೇನ್ ಅಂದರೆ ಚೌಕ ಅಲ್ಲ. ಮೇಲೆ ಕಿರಿದು, ರಿಂಗ್ ಕಡೆಗೆ ಬರುತ್ತಾ ಅಗಲ. ಫ್ರೀ ಥ್ರೋ ಗೆರೆಯ ಹತ್ತಿರ 3.6 ಮೀಟರ್, ಬೇಸ್‌ಲೈನ್‌ನಲ್ಲಿ 6 ಮೀಟರ್. ಅದು ವಿಶ್ವ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫೀಬಾದ ಅಳತೆ. 2010ರವರೆಗೆ ಅಮೆರಿಕದ ಹೊರಗೆ ಎಲ್ಲ ಕಡೆ ಹಾಗೇ ಇತ್ತು. ಆ ವರ್ಷ ಚೌಕ ಮಾಡಿದರು, ತ್ರೀ ಗೆರೆಯನ್ನೂ 6.25ರಿಂದ 6.75 ಮೀಟರ್‌ಗೆ ತಳ್ಳಿದರು. ಸಿಮೆಂಟ್ ಕೋರ್ಟ್‌ಗಳಲ್ಲಿ ಹೊಸ ಬಣ್ಣ ಬಳಿದು ಒಂದೆರಡು ಮಳೆಗಾಲ ಕಳೆದರೆ ಹಳೆಯ ಓರೆ ಗೆರೆ ಮೆಲ್ಲಗೆ ಎದ್ದು ಬರುತ್ತಿತ್ತು. ಯಾವ ಗೆರೆ ಲೆಕ್ಕ ಅಂತ ರೆಫ್ರಿ ಜೊತೆ ಜಗಳ ಬೇರೆ.

ಆ ಓರೆ ಗೆರೆಗೆ ಒಂದು ಅರ್ಥ ಇತ್ತು. ಬೇಸ್‌ಲೈನ್ ಹತ್ತಿರ ಲೇನ್ ಅಷ್ಟು ಅಗಲ ಇದ್ದರೆ ಉದ್ದದವನು ರಿಂಗ್‌ನಿಂದ ಸುಮಾರು ಮೂರು ಮೀಟರ್ ಆಚೆ ನಿಲ್ಲಬೇಕು. ಅಲ್ಲಿಂದ ಒಂದೇ ತಿರುವಿಗೆ ಡಂಕ್ ಸಿಗಲ್ಲ. ಮೇಲಕ್ಕೆ, ಫ್ರೀ ಥ್ರೋ ಗೆರೆಯ ಮೂಲೆಗೆ ಬಂದರೆ ಮಧ್ಯಕ್ಕೆ ಹತ್ತಿರ. ಮೇಲಾಗಿ ಫೀಬಾ ಆಟದಲ್ಲಿ ಝೋನ್ ಯಾವತ್ತೂ ತಪ್ಪಾಗಿರಲಿಲ್ಲ. ಹಾಗಾಗಿ ಯುರೋಪಿನ ಎತ್ತರದ ಹುಡುಗರು ದೂರದಿಂದ ಹೊಡೆಯೋದು, ಮೇಲೆ ನಿಂತು ಪಾಸ್ ಕೊಡೋದು ಕಲಿತರು. ಲಿಥುವೇನಿಯಾದ ಅರ್ವಿದಾಸ್ ಸಬೋನಿಸ್ ಆ ಸಾಲಿನ ದೊಡ್ಡಣ್ಣ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಅಮೆರಿಕವನ್ನು ಸೋಲಿಸಿ ಚಿನ್ನ ಗೆದ್ದ ಸೋವಿಯತ್ ತಂಡದ ಸೆಂಟರ್. ಪೋರ್ಟ್‌ಲ್ಯಾಂಡ್ ತಂಡ ಅವನನ್ನು 1986ರಲ್ಲೇ ಡ್ರಾಫ್ಟ್‌ನಲ್ಲಿ, ಅಂದರೆ ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿಯಲ್ಲಿ, ಆರಿಸಿತ್ತು. ಅಲ್ಲಿಗೆ ಹೋಗಿದ್ದು 1995ರಲ್ಲಿ, ಕಾಲುಗಳು ಕೈಕೊಟ್ಟ ಮೇಲೆ. ಆಗಲೂ ತಲೆ ಹಿಂದಿನಿಂದ ಕೊಡುತ್ತಿದ್ದ ಪಾಸ್‌ಗಳನ್ನು ನೋಡಿದರೆ ಇಂದಿನ ಸೆಂಟರ್ ಯಾರ ಮನೆತನದವನು ಅಂತ ಗೊತ್ತಾಗುತ್ತದೆ. ಅಮೆರಿಕದಲ್ಲೂ 1977ರಲ್ಲಿ ಅದೇ ಪೋರ್ಟ್‌ಲ್ಯಾಂಡ್‌ಗೆ ಕಪ್ ತಂದ ಬಿಲ್ ವಾಲ್ಟನ್ ಹೀಗೇ ಆಡುತ್ತಿದ್ದ. ಆದರೆ ಅವನ ಪಾದಗಳು ಮುರಿದು ಮುರಿದು ಆ ದಾರಿ ಅಲ್ಲಿಗೇ ನಿಂತಿತು.

ನಮ್ಮ ತಮಾಷೆ ಏನಂದ್ರೆ, ನೆಲದ ಮೇಲಿನ ಗೆರೆ ಯುರೋಪಿನದು, ತಲೆಯೊಳಗಿನ ಆಟ ಟಿವಿಯ ಅಮೆರಿಕದ್ದು. ನಾನು ಗಿಡ್ಡ, ಹಾಗಾಗಿ ಪಾಯಿಂಟ್ ಗಾರ್ಡ್. ನನ್ನ ಕೆಲಸ ಪೋಸ್ಟ್‌ಗೆ ಚೆಂಡು ಹಾಕಿ ಪಕ್ಕಕ್ಕೆ ಸರಿಯೋದು. ನಮ್ಮ ತಂಡದ ಲಂಬು, ಪ್ರೀತಿಯಿಂದಲೇ ಹಾಗೆ ಕರೀತಿದ್ವಿ, ಕೈ ಮೆತ್ತಗಿದ್ದ ಹುಡುಗ. ಅಭ್ಯಾಸ ಮುಗಿದ ಮೇಲೆ ಡಿ ಹೊರಗಿಂದ ಒಂದರ ಹಿಂದೆ ಒಂದು ಹಾಕುತ್ತಿದ್ದ. ಮ್ಯಾಚ್‌ನಲ್ಲಿ ಒಂದು ಸಲ ಚೆಂಡು ಬಡಿದುಕೊಂಡು ಮೇಲೆ ಬಂದರೆ ಸಾಕು, ಬೆಂಚಿನಿಂದ ಸರ್ ಕೂಗು ಕೇಳುತ್ತಿತ್ತು: "ಏಯ್, ಡ್ರಿಬಲ್ ಮಾಡ್ಬೇಡ! ಹೋಗು, ರಿಂಗ್ ಕೆಳಗೆ ನಿಂತ್ಕೋ!" ಸರ್ ಒಳ್ಳೆಯವರೇ. ಅವರಿಗೂ ಅವರ ಸರ್ ಅದನ್ನೇ ಹೇಳಿದ್ದರು. ಹುಡುಗನಿಗೆ ಹದಿನಾಲ್ಕು ವರ್ಷ. ಮುಂದಿನ ವರ್ಷ ಅವನಿಗಿಂತ ಉದ್ದದವನು ಬಂದ. ಆಗ ಇವನಿಗೆ ರಿಂಗ್ ಕೆಳಗೂ ಜಾಗ ಇಲ್ಲ, ಹೊರಗಿನ ಕೆಲಸವೂ ಬರಲ್ಲ. ಶಾಲೆ ಮಟ್ಟದಲ್ಲಿ ಉದ್ದದ ಹುಡುಗನನ್ನು ಬೋರ್ಡ್ ಕೆಳಗೆ ಕಟ್ಟಿಹಾಕಿದರೆ ಆ ವರ್ಷದ ಕಪ್ ಸಿಗುತ್ತೆ, ಅಲ್ವಾ? ಅದಕ್ಕೇ ಇದು ನಿಲ್ಲಲ್ಲ. ಈಗಲೂ ವಾರದ ಕೊನೆಯಲ್ಲಿ ಮಕ್ಕಳ ಟೂರ್ನಮೆಂಟ್ ನೋಡಲು ಹೋದರೆ ಅದೇ ಕೂಗು ಕೇಳುತ್ತದೆ.

ಇಡೀ ದೇಶದ ಕಥೆಯೂ ಹೆಚ್ಚು ಬೇರೆ ಇಲ್ಲ. 2015ರಲ್ಲಿ ಡಲ್ಲಾಸ್ 52ನೇ ಆಯ್ಕೆಯಾಗಿ ಸತ್ನಾಮ್ ಸಿಂಗ್‌ನನ್ನು ತೆಗೆದುಕೊಂಡಾಗ ನಾವೆಲ್ಲ ಕುಣಿದಿದ್ವಿ. ಭಾರತದಲ್ಲಿ ಹುಟ್ಟಿ ಎನ್‌ಬಿಎ ಡ್ರಾಫ್ಟ್ ಆದ ಮೊದಲಿಗ, ಏಳಡಿ ಎರಡಿಂಚು. ಆದರೆ ಅದೇ ಜೂನ್‌ನಲ್ಲೇ ಗೋಲ್ಡನ್ ಸ್ಟೇಟ್ ಸೆಂಟರ್ ಇಲ್ಲದೆ ಕಪ್ ಗೆದ್ದಿತ್ತು. ಅವನು ಕಲಿತಿದ್ದ ಕೆಲಸಕ್ಕೆ ಬೇಡಿಕೆ ಬಿದ್ದುಹೋದ ಹೊತ್ತಿಗೆ ಅವನು ಬಾಗಿಲಿಗೆ ತಲುಪಿದ್ದ. ಎನ್‌ಬಿಎಯ ಒಂದು ಲೀಗ್ ಮ್ಯಾಚೂ ಆಡಲಿಲ್ಲ.

ಎತ್ತರ ಮತ್ತು ಓಟದ ಈ ಜಗಳವನ್ನು ನೋಡೋಕೆ ಅಮೆರಿಕಕ್ಕೆ ಹೋಗಬೇಕಿಲ್ಲ. ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲೇ ನಡೆದಿದೆ. 2017ರ ಮಹಿಳಾ ಏಷ್ಯಾ ಕಪ್ ಇಲ್ಲೇ ಆಯಿತು. ಬಿ ಡಿವಿಷನ್‌ನಲ್ಲಿ ನಮ್ಮ ಹುಡುಗಿಯರು ಕಝಕ್‌ಸ್ತಾನವನ್ನು ಸೋಲಿಸಿ ಮೇಲಿನ ಡಿವಿಷನ್‌ಗೆ ಏರಿದರು. ಮೇಲಿನ ಡಿವಿಷನ್ ಫೈನಲ್‌ನಲ್ಲಿ ಜಪಾನ್ 74-73ರಿಂದ ಆಸ್ಟ್ರೇಲಿಯಾವನ್ನು ಸೋಲಿಸಿತು. 2019ರಲ್ಲಿ ಮತ್ತೆ ಬೆಂಗಳೂರು, ಮತ್ತೆ ಜಪಾನ್, ಈ ಸಲ ಚೀನಾ ಎದುರು 71-68. ಎರಡೂ ಸಲ ಎದುರಿನ ತಂಡ ಎತ್ತರದಲ್ಲಿ ಜಪಾನ್‌ಗಿಂತ ಮುಂದೆ. ಕೋಚ್ ಟಾಮ್ ಹೊವಾಸೆ ಅವರ ಜಪಾನ್ ಓಡುತ್ತಿತ್ತು, ಐವರೂ ಹೊರಗಿಂದ ಹೊಡೆಯುತ್ತಿದ್ದರು. ಎದುರಾಳಿಯ ಸೆಂಟರ್ ರಿಂಗ್ ಬಿಟ್ಟು ಹೊರಗೆ ಬರಲೇಬೇಕಿತ್ತು. ಇದೇ ತಂಡ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದಿತು. ಆದರೆ 2023ರಲ್ಲಿ ಸಿಡ್ನಿಯಲ್ಲಿ ಚೀನಾ 73-71ರಿಂದ ಕಪ್ ಕಿತ್ತುಕೊಂಡಿತು. ಟೂರ್ನಿಯ ಶ್ರೇಷ್ಠ ಆಟಗಾರ್ತಿ ಹಾನ್ ಶು. ಎರಡು ಮೀಟರ್ ದಾಟಿದ ಸೆಂಟರ್, ಅವಳೂ ಹೊರಗಿಂದ ಹೊಡೆಯುತ್ತಾಳೆ.

ಇನ್ನು ಯೋಕಿಚ್. ಸರ್ಬಿಯಾದ ಸೊಂಬೊರ್ ಊರಿನವನು. ಹುಟ್ಟಿದ್ದು 1995ರಲ್ಲಿ, ಅಂದರೆ ಬಾಲ್ಯವೆಲ್ಲ ಓರೆ ಗೆರೆಯ ಲೇನ್‌ನಲ್ಲೇ. 2014ರ ಡ್ರಾಫ್ಟ್‌ನಲ್ಲಿ 41ನೆಯವನು. ಅವನ ಹೆಸರು ಕರೆದಾಗ ಅಮೆರಿಕದ ಟಿವಿಯಲ್ಲಿ ಜಾಹೀರಾತು ಓಡುತ್ತಿತ್ತು. ಜಿಗಿಯಲ್ಲ, ಓಟ ನಿಧಾನ, ಮೈಕಟ್ಟು ಕ್ರೀಡಾಪಟುವಿನ ಹಾಗೆ ಕಾಣಲ್ಲ. 2023ರಲ್ಲಿ ಡೆನ್ವರ್‌ಗೆ ಅದರ ಮೊದಲ ಎನ್‌ಬಿಎ ಕಪ್ ತಂದ. 2024-25ರಲ್ಲಿ ಅವನ ಸರಾಸರಿ 29.6 ಪಾಯಿಂಟ್, 12.7 ರಿಬೌಂಡ್, 10.2 ಅಸಿಸ್ಟ್. ಸೆಂಟರ್ ಒಬ್ಬ ಇಡೀ ಸೀಸನ್ ಟ್ರಿಪಲ್-ಡಬಲ್ (ಮೂರರಲ್ಲೂ ಎರಡಂಕಿ) ಸರಾಸರಿ ಇಟ್ಟದ್ದು ಅದೇ ಮೊದಲು.

ಅವನು ಫ್ರೀ ಥ್ರೋ ಗೆರೆಯ ಮೂಲೆಯಲ್ಲಿ ಚೆಂಡು ಹಿಡಿದು ನಿಂತಾಗ ನನಗೆ ನೆನಪಾಗುವುದು ಮದುವೆ ಛತ್ರದಲ್ಲಿ ಪಂಕ್ತಿ ನೋಡಿಕೊಳ್ಳುವ ಹಿರಿಯರು. ಅವರು ಬಡಿಸೋದು ಕಮ್ಮಿ. ಯಾವ ಎಲೆ ಖಾಲಿಯಾಗ್ತಿದೆ, ಸಾರಿನ ಬಕೆಟ್ ಯಾವ ಕಡೆ ಹೋಗಬೇಕು ಅಂತ ಕಣ್ಣಲ್ಲೇ ಹೇಳ್ತಿರ್ತಾರೆ. ಯೋಕಿಚ್‌ನ ಡಿಫೆಂಡರ್ ಹಿಂದೆ ಸರಿದರೆ ಅಲ್ಲಿಂದಲೇ ಶಾಟ್. ಹತ್ತಿರ ಬಂದರೆ ಒಳಗೆ ನುಗ್ಗುವವನಿಗೆ ಪಾಸ್. ಜೊತೆಗಾರ ಜಮಾಲ್ ಮರ್ರಿ ಅವನ ಪಕ್ಕದಿಂದ ಓಡಿಬಂದು ಕೈಯಿಂದ ಚೆಂಡು ತೆಗೆದುಕೊಂಡರೆ, ಎದುರಾಳಿಯ ಇಬ್ಬರು ಯಾರನ್ನು ಹಿಡಿಯೋದು ಅಂತ ಮುಖ ಮುಖ ನೋಡಿಕೊಳ್ಳಬೇಕು. ಇಬ್ಬರೂ ಮರ್ರಿ ಹಿಂದೆ ಹೋದರೆ ಚೆಂಡು ವಾಪಸ್ ಇವನಿಗೆ. ತನಗಿಂತ ಚಿಕ್ಕವನು ಸಿಕ್ಕಿಬಿದ್ದರೆ ಬೆನ್ನು ತಿರುಗಿಸಿ ಹಳೆಯ ಕಾಲದ ಹುಕ್ ಶಾಟ್. ಹಿಂದೆ ಚೆಂಡು ಸೆಂಟರ್‌ಗೆ ಹೋದರೆ ವಾಪಸ್ ಬರ್ತಿರಲಿಲ್ಲ, ಆ ನೋವು ಗಾರ್ಡ್ ಆಗಿದ್ದ ನನಗೆ ಚೆನ್ನಾಗಿ ಗೊತ್ತು. ಈಗ ಅವನ ಕೈಯಿಂದಲೇ ಆಟ ಶುರುವಾಗುತ್ತದೆ.

ಇಷ್ಟೆಲ್ಲ ಆದರೂ ಒಂದು ಬೇಸರ ಇದ್ದೇ ಇದೆ. ಶಾಕ್ ನೋಡುವಾಗ ಇದ್ದ ಭಯ ಈಗಿನ ಯಾವ ಸೆಂಟರ್ ನೋಡಿದರೂ ಬರಲ್ಲ. ಎದುರಾಳಿಯ ಸೆಂಟರ್‌ಗಳು ಒಬ್ಬರಾದ ಮೇಲೆ ಒಬ್ಬರು ಫೌಲ್ ತುಂಬಿಕೊಂಡು ಕೂತುಕೊಳ್ಳುತ್ತಿದ್ದ ಆ ಆಟದಲ್ಲಿ ಒಂದು ಒರಟು ಸುಖ ಇತ್ತು. ಒಲಾಜುವಾನ್‌ನ ಕಾಲಿನ ಕೆಲಸವನ್ನಂತೂ ಈಗ ಯಾರಲ್ಲೂ ಪೂರ್ತಿಯಾಗಿ ನಾನು ಕಂಡಿಲ್ಲ. ಲಾಗೋಸ್‌ನಲ್ಲಿ ಹ್ಯಾಂಡ್‌ಬಾಲ್, ಫುಟ್‌ಬಾಲ್ ಆಡಿ ಬಂದ ಕಾಲು ಅದು.

"ಶಾಕ್ ಈಗ ಇದ್ದಿದ್ರೆ?" ಅನ್ನುವ ಪ್ರಶ್ನೆ ಪ್ರತಿ ಸೀಸನ್ ಬರುತ್ತದೆ. ಪಾಯಿಂಟ್ ಹೊಡೀತಿದ್ದ, ಅನುಮಾನ ಬೇಡ. ಕಷ್ಟ ಇನ್ನೊಂದು ತುದಿಯಲ್ಲಿ. ಎದುರು ತಂಡ ಪ್ರತಿ ಸಲ ಅವನ ಆಟಗಾರನನ್ನೇ ಸ್ಕ್ರೀನ್ ಹಾಕಲು (ಡಿಫೆಂಡರ್ ದಾರಿಗೆ ಅಡ್ಡ ನಿಲ್ಲಲು) ಕರೆದು, ಅವನನ್ನು ಡಿ ಹೊರಗೆ ಎಳೆದು, ಕರಿಯಂಥವನ ಮುಂದೆ ನಿಲ್ಲಿಸುತ್ತಿತ್ತು. ನಾಲ್ಕು ಸಲ ಡಿಫೆನ್ಸ್ ಪ್ರಶಸ್ತಿ ಪಡೆದ ರೂಡಿ ಗೋಬೆರ್‌ನನ್ನೇ ಪ್ಲೇಆಫ್‌ನಲ್ಲಿ (ಕಪ್‌ಗಾಗಿ ನಡೆಯುವ ಕೊನೆಯ ಸುತ್ತುಗಳಲ್ಲಿ) ಹೀಗೆ ಎಳೆದಾಡುತ್ತಾರೆ. ಹೊರಗೂ ಒಳಗೂ ಎರಡೂ ಕಾಯಬಲ್ಲವನು ಅಂದರೆ ಸದ್ಯಕ್ಕೆ ವಿಕ್ಟರ್ ವೆಂಬನ್ಯಾಮಾ. ಮೊದಲ ಸೀಸನ್‌ನಲ್ಲೇ ಲೀಗ್‌ನಲ್ಲಿ ಅತಿ ಹೆಚ್ಚು ಬ್ಲಾಕ್, ಮ್ಯಾಚ್‌ಗೆ 3.6. ಎರಡನೇ ಸೀಸನ್ ಭುಜದಲ್ಲಿ ರಕ್ತ ಹೆಪ್ಪುಗಟ್ಟಿ ಅರ್ಧಕ್ಕೇ ನಿಂತಿತು. ಗಾಯಗಳಿಂದ ನರಳಿದ ಯಾವೊ ಮಿಂಗ್, ಗ್ರೆಗ್ ಓಡನ್, ಎಂಬೀಡ್ ಇವರನ್ನೆಲ್ಲ ನೋಡಿದವರಿಗೆ ಇಂಥ ಸುದ್ದಿ ಬಂದಾಗ ಎದೆ ಧಸಕ್ಕೆನ್ನುತ್ತದೆ.

2025ರ ಮೇ ತಿಂಗಳಲ್ಲಿ ಒಕ್ಲಹೋಮ ಸಿಟಿ ಮತ್ತು ಡೆನ್ವರ್ ನಡುವೆ ಪ್ಲೇಆಫ್ ಸರಣಿಯ ಏಳನೇ, ಕೊನೆಯ ಮ್ಯಾಚ್. ಒಕ್ಲಹೋಮ ಹತ್ತಿರ ಏಳಡಿಯವರು ಇಬ್ಬರು ಇದ್ದರು, ಚೆಟ್ ಹೋಮ್‌ಗ್ರೆನ್ ಮತ್ತು ಹಾರ್ಟನ್‌ಸ್ಟೈನ್. ಆದರೆ ಯೋಕಿಚ್ ಮೇಲೆ ಬಿಟ್ಟದ್ದು ಅಲೆಕ್ಸ್ ಕರೂಸೊನನ್ನು. ಆರಡಿ ಐದಿಂಚಿನ ಗಾರ್ಡ್! ಅವನು ಯೋಕಿಚ್ ಮುಂದೆ ನಿಂತು, ಕೈ ಹಾಕಿ, ಮೈ ಅಡ್ಡ ಕೊಟ್ಟು ಪಾಸ್ ಬರದ ಹಾಗೆ ಮಾಡಿದ. ತಲೆ ಮೇಲಿಂದ ಚೆಂಡು ಹಾಕೋಣ ಅಂದರೆ ಹಿಂದೆ ಎತ್ತರದವರು ಕಾಯುತ್ತಿದ್ದರು. ಹಳೆಯ ನಿಯಮ ಇದ್ದಿದ್ದರೆ ಹಾಗೆ ಹಿಂದೆ ಕಾದು ನಿಂತವರಿಗೆ ವಿಶಲ್ ಬೀಳುತ್ತಿತ್ತು. ಒಕ್ಲಹೋಮ 125-93ರಿಂದ ಗೆದ್ದಿತು, ಮುಂದೆ ಕಪ್ಪನ್ನೂ ಗೆದ್ದಿತು. ಯೋಕಿಚ್‌ಗೆ ಅವತ್ತು ಸಿಕ್ಕಿದ್ದು 20 ಪಾಯಿಂಟ್. ಆ ಬೇಸಿಗೆಯಲ್ಲಿ ಡೆನ್ವರ್ ಹುಡುಕಿಕೊಂಡು ಹೋಗಿದ್ದು ಇನ್ನೊಬ್ಬ ಸೆಂಟರನ್ನ. ಯೋಕಿಚ್ ಬೆಂಚಿಗೆ ಬಂದಾಗ ಆಡಲಿ ಅಂತ ಲಿಥುವೇನಿಯಾದ ಯೋನಾಸ್ ವಲಂಚೂನಸ್‌ನನ್ನು ಕರೆತಂದರು. ಅವನು ಬೆನ್ನು ತಿರುಗಿಸಿ ಆಡುವ ಹಳೆಯ ಥರದವನು. ನಮ್ಮ ಪಂಗಡದಲ್ಲಿ ಅವತ್ತು ಎಲ್ಲರಿಗೂ ಖುಷಿಯೋ ಖುಷಿ.